ಮಂಡಿ ಹಿಡಿಸದ ಕಾರು

ಕಾರು ನಮ್ಮ ಮನೆಗೆ ಓಡಿಕೊಂಡು ಬರಲಿಲ್ಲ, ಪೆಟ್ಟಿಗೆಗಳಲ್ಲಿ ಬಂತು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನ ನಮ್ಮ ಬಾಡಿಗೆ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ ಇಬ್ಬರು ಮರದ ಪೆಟ್ಟಿಗೆಗಳನ್ನು ಇಳಿಸಿದರು. ಕೊನೆಗೆ ಬಾಗಿಲು, ದೀಪ ಏನೂ ಇಲ್ಲದ ಕೆನೆಬಣ್ಣದ ಫೈಬರ್‌ಗ್ಲಾಸ್ ಬಾಡಿಯೊಂದನ್ನು ಡ್ರೈವ್‌ವೇ ಮೇಲೆ ಇಟ್ಟು, ಸಹಿ ಹಾಕಿಸಿಕೊಂಡು ಹೋದರು. ನನ್ನ ಗಂಡ ಅದರ ಸುತ್ತ ಒಂದು ಸುತ್ತು ಬಂದು, "ಇದು ನಿನಗೆ ಕಣೆ," ಅಂದರು. ನಾನು ಒದ್ದೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಗ್ಗಿ ನೋಡಿದೆ. ನೋಡಿದ ಕೂಡಲೇ ನನಗೆ ಅನ್ನಿಸಿದ್ದು, ಇದರಲ್ಲಿ ನನ್ನ ಕಾಲು ಎಲ್ಲಿಗೆ ಹೋಗಬೇಕು ಎಂದು.

ಕಿಟ್ ಕಾರು ಎಂದರೆ ಹಾಗೆ. ಹೊರಗಿನ ಬಾಡಿ, ಸೀಟು, ಗಾಜು, ನಟ್ಟು, ಬೋಲ್ಟು ಎಲ್ಲ ಅವರು ಕಳಿಸುತ್ತಾರೆ. ನಾವು ಒಂದು ಹಳೆಯ ಕಾರನ್ನು ಕೊಂಡು, ಅದರ ಮೈ ಕಳಚಿ, ಇಂಜಿನ್ನು ಚಕ್ರಗಳ ಮೇಲೆ ಈ ಹೊಸ ಬಾಡಿಯನ್ನು ಕೂರಿಸಬೇಕು. ಮುಗಿದಾಗ ಅದು ಹಳೆಯ ಕಾಲದ ಇಂಗ್ಲಿಷ್ ದೊರೆಗಳು ಓಡಿಸುತ್ತಿದ್ದಂಥ ಕಾರು. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಮುಂದೆ ಒಂದು ಗಿಡ್ಡ ಗಾಜು. ನನ್ನ ಗಂಡನಿಗೆ ಇದರ ಹುಚ್ಚು ಯಾವಾಗ ಹಿಡಿಯಿತೋ ಗೊತ್ತಿಲ್ಲ. ಮಂಡ್ಯದಲ್ಲಿ ಅವರಪ್ಪನಿಗೆ ಲಾರಿಗಳಿದ್ದವು. ಹುಡುಗನಾಗಿದ್ದಾಗ ಲಾರಿಯ ಕೆಳಗೆ ಮಲಗಿ ಗ್ರೀಸು ಹಚ್ಚಿಕೊಂಡವರಿಗೆ ಇಲ್ಲಿನ ಆಫೀಸಿನಲ್ಲಿ ದಿನವಿಡೀ ಮೀಟಿಂಗಿನಲ್ಲಿ ಕೂತು ಕೈ ತುರಿಸುತ್ತಿತ್ತೆಂದು ಕಾಣುತ್ತದೆ.

ನನಗೆ ಕಾರು ಬೇಕಾಗಿತ್ತು, ಅದಂತೂ ನಿಜ. ಮದುವೆಯಾಗಿ ಮೈಸೂರಿನಿಂದ ಬಂದ ಮೇಲೆ ಮೊದಲು ಓಕ್ಲ್ಯಾಂಡಿನ ಅಪಾರ್ಟ್‌ಮೆಂಟಿನಲ್ಲಿ, ಆಮೇಲೆ ಈ ಮನೆಯಲ್ಲಿ, ಕೆಲಸ ಮಾಡುವ ಪರವಾನಗಿಯಿಲ್ಲದೆ ವರ್ಷಗಟ್ಟಲೆ ಕೂತಿದ್ದೆ. ಕೂತಿದ್ದೆ ಎಂದರೆ ಸುಳ್ಳಾದೀತು, ನನಗೆ ಕೂರಲು ಬರುವುದಿಲ್ಲ. ಒಗೆದ ಬಟ್ಟೆ ಮತ್ತೆ ಮಡಿಚುವುದು, ಒರೆಸಿದ ಕಿಟಕಿ ಮತ್ತೆ ಒರೆಸುವುದು, ಗ್ರೋಸರಿಗೆ ನಡೆದು ಹೋಗಿ ಏನೂ ಕೊಳ್ಳದೆ ವಾಪಸು ಬರುವುದು. ಮಧ್ಯಾಹ್ನ ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡಿ ಕಾರ್ಪೆಟ್ಟು ಸವೆದಿತ್ತು. ಆ ವರ್ಷ ಗ್ರೀನ್ ಕಾರ್ಡು ಬಂತು, ಬರ್ಕ್ಲಿಯ ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಅಕ್ಟೋಬರಿನಲ್ಲಿ ಸೇರಬೇಕು. ನನ್ನ ಗಂಡನ ಆಫೀಸು ದಕ್ಷಿಣಕ್ಕೆ, ನನ್ನದು ಬೆಟ್ಟದ ಆಚೆ. ಇದ್ದ ಒಂದು ಸ್ಟೇಷನ್ ವ್ಯಾಗನ್ ಕಾರು ಅವರಿಗೆ ಬೇಕು. ನಮ್ಮ ಕಡೆ ಬಸ್ಸು ಹೆಸರಿಗೆ ಮಾತ್ರ ಇತ್ತು. ಎರಡನೆಯ ಕಾರು ಇಲ್ಲದಿದ್ದರೆ ನನ್ನ ಕೆಲಸ ಇಲ್ಲ, ಮತ್ತೆ ಅದೇ ಕಾರ್ಪೆಟ್ಟು.

ಎರಡನೆಯ ಕಾರೆಂದರೆ ಯಾರಾದರೂ ಓಡಿಸಿ ಬಿಟ್ಟ, ನಾಲ್ಕು ಬಾಗಿಲಿನ, ಯಾವುದೋ ಮಂಕು ಬಣ್ಣದ ಕಾರು ಎಂದುಕೊಂಡಿದ್ದೆ. ಅದನ್ನು ಕೊಳ್ಳುವ ದುಡ್ಡಿಗೆ ಅವರು ಪೆಟ್ಟಿಗೆಗಳನ್ನು ತರಿಸಿದ್ದರು.

ಇಲ್ಲಿ ನನ್ನ ಎತ್ತರದ ವಿಷಯ ಹೇಳಬೇಕು. ನಾನು ಆರಡಿಗೆ ಅರ್ಧ ಇಂಚು ಕಮ್ಮಿ. ಶಾಲೆಯಲ್ಲಿ ಒಂಟೆ, ಕಾಲೇಜಿನಲ್ಲಿ ಲೈಟ್ ಕಂಬ. ಪಕ್ಕದ ಮನೆಯವರು ಅಟ್ಟದಿಂದ ಹಿತ್ತಾಳೆ ಪಾತ್ರೆ ಇಳಿಸಬೇಕಾದರೆ ನನ್ನನ್ನು ಕರೆಯುತ್ತಿದ್ದರು, ಇಳಿಸಿಕೊಟ್ಟ ಮೇಲೆ ಅಮ್ಮನಿಗೆ, "ಇವಳಿಗೆ ಗಂಡು ಎಲ್ಲಿಂದ ತರ್ತೀರಿ," ಎಂದು ಕನಿಕರಿಸುತ್ತಿದ್ದರು. ಗಂಡು ಸಿಕ್ಕಿದಾಗ ನಮ್ಮ ಕಡೆಯವರು ನನ್ನ ಎತ್ತರವನ್ನು ಐದು ಅಡಿ ಏಳು ಇಂಚು ಎಂದು ಹೇಳಿ ಕಳಿಸಿದರು. ಗಂಡಿನ ಕಡೆಯವರು ಅವರದನ್ನು ಐದು ಎಂಟು ಎಂದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಾನು ಚಾಪೆಯ ಮೇಲೆ ಕೂತಿದ್ದೆ, ಅವರು ಕುರ್ಚಿಯಲ್ಲಿ. ನಿಜ ಸಂಗತಿ ಗೊತ್ತಾದದ್ದು ಧಾರೆಯಲ್ಲಿ. ಅಂತರಪಟ ಸರಿದು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಬೇಕಾದಾಗ, ನಿಂತ ಜಾಗದಿಂದ ಅವರ ಕೈ ನನ್ನ ನೆತ್ತಿಗೆ ಎಟುಕಲಿಲ್ಲ. ನನ್ನ ಸೋದರತ್ತೆ ಹಿಂದಿನಿಂದ ಎರಡೂ ಭುಜ ಹಿಡಿದು ಅದುಮಿ ನನ್ನನ್ನು ಬಗ್ಗಿಸಿದರು. ಅಲ್ಲಿಂದ ಮುಂದೆ ನಾನು ಪೂರ್ತಿ ನೆಟ್ಟಗಾಗಲೇ ಇಲ್ಲ.

ಮನೆಯಲ್ಲಿ ಎತ್ತರದ ಮಾತು ಎತ್ತುವಂತಿರಲಿಲ್ಲ. ಯಾರೂ ಹಾಗೆಂದು ಹೇಳಿರಲಿಲ್ಲ, ತಾನಾಗಿಯೇ ರೂಢಿಯಾಗಿತ್ತು. ನಾನು ತೆಳು ಚಪ್ಪಲಿ, ಅವರು ದಪ್ಪ ಹಿಮ್ಮಡಿಯ ಬೂಟು. ಫೋಟೋಗೆ ಒಬ್ಬರು ಕೂರಬೇಕು, ಆ ಒಬ್ಬರು ನಾನು. ಊರಿನಲ್ಲಿ ಹೇಳಿದ ಆ ಎರಡು ಸುಳ್ಳು ಅಂಕಿಗಳನ್ನು ನಾವಿಬ್ಬರೂ ಅಮೆರಿಕಕ್ಕೂ ತಂದು ಜೋಪಾನ ಮಾಡಿಕೊಂಡಿದ್ದೆವು.

ಬೇಸಿಗೆಯೆಲ್ಲ ಗರಾಜಿನಲ್ಲಿ ಟಕಟಕ ಸದ್ದು. ಆಫೀಸಿನಿಂದ ಬಂದವರೇ ಲುಂಗಿ ಉಟ್ಟು ಕಾರಿನ ಕೆಳಗೆ. ಸುಳ್ಳು ಯಾಕೆ ಹೇಳಲಿ, ಕೆಲಸ ಚೆನ್ನಾಗಿಯೇ ಮಾಡಿದರು. ಕೊಂಡು ತಂದ ಹಳೆಯ ಕಾರಿನ ತುಕ್ಕು ಹಿಡಿದಿದ್ದ ಇಂಜಿನ್ನು ಉಸಿರಾಡತೊಡಗಿತು, ದೀಪ ಹತ್ತಿತು, ಬಾಗಿಲು ಒಂದೇ ಏಟಿಗೆ ಕೂರುವಂತಾಯಿತು. ನಾನು ಕಾಫಿ ಕೊಡುವ ನೆಪದಲ್ಲಿ ಹೋಗಿ ಬಾಗಿಲ ಬಳಿ ಸುಳಿದಾಡುತ್ತಿದ್ದೆ. ಸೀಟು ಹಾಕಿದ ದಿನ ತಡೆಯಲಾಗಲಿಲ್ಲ.

"ಒಂದ್ಸಲ ಕೂತು ನೋಡ್ತೀನಿ," ಅಂದೆ.

"ಅಯ್ಯೋ, ಬೇಡ. ಪೂಜೆ ಆಗೋಕ್ ಮುಂಚೆ ಹೊಸ ಗಾಡೀಲಿ ಯಾರೂ ಕೂರ್ಬಾರ್ದು."

"ಇದೇನು ಹೊಸ ಗಾಡೀನಾ? ಅರ್ಧ ಹಳೇದು."

"ಬಾಡಿ ಹೊಸದು ಕಣೆ. ನಮ್ಮಪ್ಪ ಲಾರಿ ತಂದ್ರೆ ಡ್ರೈವರ್‌ನೂ ಸೀಟಿಗೆ ಹತ್ತಿಸ್ತಿರ್ಲಿಲ್ಲ. ಕುಂಬಳಕಾಯಿ ಒಡೆದ ಮೇಲೇನೇ."

"ಸರಿಹೋಗ್ದೆ ಇದ್ರೆ?"

"ಸರಿಹೋಗತ್ತೆ. ಜೊತೆಗೆ ಬಂದ ಪುಸ್ತಕದಲ್ಲಿ ಹಾಕಿದಾರೆ, ಐದಡಿ ಹತ್ತರವರೆಗೂ ಆರಾಮಾಗಿ ಕೂರ್ಬಹುದು ಅಂತ." ಹೇಳಿದವರು ನನ್ನ ಮುಖ ನೋಡಲಿಲ್ಲ, ಬಗ್ಗಿ ಯಾವುದೋ ಬೋಲ್ಟನ್ನು ಹುಡುಕತೊಡಗಿದರು.

ನಾನು ಅಲ್ಲೇ ಕೇಳಬಹುದಿತ್ತು, ನಿಮ್ಮ ಲೆಕ್ಕದಲ್ಲಿ ನಾನು ಎಷ್ಟು ಉದ್ದ ಎಂದು. ಲೋಟ ತೆಗೆದುಕೊಂಡು ಒಳಗೆ ಬಂದು ಪಾತ್ರೆಗಳನ್ನು ಇಡಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ.

ಅವರೂ ನೇಮ ಮುರಿಯಲಿಲ್ಲ. ಬ್ರೇಕನ್ನು ಹೊರಗೆ ನಿಂತು ಕೈಯಿಂದ ಒತ್ತಿ ಪರೀಕ್ಷಿಸಿದರು. ಸ್ಟೀರಿಂಗನ್ನು ಬಾಗಿಲ ಮೇಲಿಂದ ಬಾಗಿ ತಿರುಗಿಸಿದರು. ಒಂದು ಕಾರನ್ನು ಪೂರ್ತಿಯಾಗಿ, ಅದರೊಳಗೆ ಒಮ್ಮೆಯೂ ಕೂರದೆ ಕಟ್ಟಿದವರು ಆ ಕೌಂಟಿಯಲ್ಲಿ ಅವರೊಬ್ಬರೇ ಇರಬೇಕು. ನನಗೆ ಮಾತ್ರ ದಿನಕಳೆದಂತೆ ನಿದ್ದೆ ಹತ್ತುತ್ತಿರಲಿಲ್ಲ. ಅವರು ಆಫೀಸಿಗೆ ಹೋದ ಮೇಲೆ ಗರಾಜಿಗೆ ಹೋಗಿ, ಸೀಟಿಗೂ ಪೆಡಲಿಗೂ ನಡುವೆ ನನ್ನ ತೋಳು ಚಾಚಿ ನೋಡುತ್ತಿದ್ದೆ. ತೋಳಿನಿಂದ ಕಾಲಿನ ಸಂಗತಿ ಹೇಗೆ ತಿಳಿಯಬೇಕು? ಕದ್ದು ಕೂತುಬಿಡಬಹುದಿತ್ತು. ಕೂರಲಿಲ್ಲ. ಆ ನೇಮದ ಭಯ ನನಗೂ ಸ್ವಲ್ಪ ಇತ್ತು, ಫ್ರೀವೇ ಮೇಲೆ ಒಬ್ಬಳೇ ಹೋಗಬೇಕಾದವಳು ನಾನು.

ಆ ವರ್ಷ ಆಯುಧಪೂಜೆ ವಾರದ ನಡುವೆ ಬಂದಿತ್ತು. ಇಲ್ಲಿನ ವಾಡಿಕೆಯಂತೆ ಅದನ್ನು ಶನಿವಾರಕ್ಕೆ ಎಳೆದುಕೊಂಡೆವು. ಸೋಮವಾರ ನನ್ನ ಕೆಲಸ ಶುರು. ಓಕ್ಲ್ಯಾಂಡಿನ ಚೀನೀಯರ ಅಂಗಡಿಯಿಂದ ಬೂದುಗುಂಬಳಕಾಯಿ ತಂದಾಗಿತ್ತು. ಐದಾರು ಕನ್ನಡದ ಸಂಸಾರಗಳು ಬಂದಿದ್ದವು. ಎದುರು ಮನೆಗಳ ಮೆಟ್ಟಿಲ ಮೇಲೆ ಹ್ಯಾಲೊವೀನಿನ ಕುಂಬಳಕಾಯಿಗಳು, ನಮ್ಮ ಡ್ರೈವ್‌ವೇ ಮೇಲೆ ಕುಂಕುಮ ತುಂಬಿದ ಕುಂಬಳಕಾಯಿ. ಕೆನೆಬಣ್ಣದ ಬಾನೆಟ್ಟಿಗೆ ವಿಭೂತಿ, ಅರಿಶಿನ, ಸೇವಂತಿಗೆ ಹಾರ. ಚಕ್ರಗಳ ಕೆಳಗೆ ನಿಂಬೆಹಣ್ಣು. ಹೊಳೆಯುತ್ತಿತ್ತು ಕಾರು. ನೋಡಿ ನನ್ನ ಎದೆ ತುಂಬಿತು, ಆದರೂ ಕಣ್ಣು ಸೀಟಿಗೂ ಪೆಡಲಿಗೂ ನಡುವಿನ ಜಾಗವನ್ನೇ ಅಳೆಯುತ್ತಿತ್ತು.

ಕುಂಬಳಕಾಯಿ ಒಡೆದ ಮೇಲೆ ಅವರು ಕೀಲಿಕೈ ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ಕೂತ್ಕೋ. ನಿಂದೇ ಗಾಡಿ," ಅಂದರು.

ಸೀರೆಯ ನೆರಿಗೆ ಎತ್ತಿ ಹಿಡಿದು ಕೂತೆ. ಕೂತೆ ಎನ್ನುವುದಕ್ಕಿಂತ ಸಿಕ್ಕಿಕೊಂಡೆ. ಎರಡೂ ಮಂಡಿ ಸ್ಟೀರಿಂಗಿನ ಅಡಿಗೆ ತಗುಲಿ ನಿಂತವು. ಎಡಗಾಲು ಕ್ಲಚ್ಚಿನ ಮೇಲೆ ಇಡಬೇಕಾದರೆ ಮಂಡಿಯನ್ನು ಬಾಗಿಲಿಗೆ ಒತ್ತಬೇಕು, ಒತ್ತಿದರೆ ಸ್ಟೀರಿಂಗು ತಿರುಗುವುದಿಲ್ಲ. ಸೀಟನ್ನು ಹಿಂದಕ್ಕೆ ತಳ್ಳೋಣವೆಂದರೆ ಅದು ಆಗಲೇ ಕೊನೆಯಲ್ಲಿತ್ತು. ತಲೆ ಎತ್ತಿದರೆ ಮುಂದಿನ ಗಾಜಿನ ಚೌಕಟ್ಟು ಸರಿಯಾಗಿ ಕಣ್ಣಿಗೆ ಅಡ್ಡ. ರಸ್ತೆ ಕಾಣಬೇಕಾದರೆ ಗಾಜಿನ ಮೇಲಿಂದ ನೋಡಬೇಕು, ಇಲ್ಲವೆ ಕುತ್ತಿಗೆ ತಗ್ಗಿಸಿ ಅದರೊಳಗಿಂದ. ಯಾರೋ ಹಿಂದೆ ಕಿಸಕ್ಕೆಂದರು.

ಅಲ್ಲಿದ್ದ ಹೆಂಗಸರಲ್ಲಿ ಹಿರಿಯರು ಹಾಸನದ ಕಡೆಯ ಒಬ್ಬ ಡಾಕ್ಟರ ಹೆಂಡತಿ, ನಮಗೆಲ್ಲ ಆಂಟಿ. ಹಬ್ಬ, ಬಾಣಂತನ ಏನಿದ್ದರೂ ಅವರದೇ ಮೊದಲ ಮಾತು. ಅವರು ಬಾಗಿಲ ಬಳಿ ಬಂದು ಪ್ರೀತಿಯಿಂದಲೇ ಹೇಳಿದರು, "ಸ್ವಲ್ಪ ಬಗ್ಗಿ ಕೂತ್ಕೊಳಮ್ಮ, ಸರಿಹೋಗತ್ತೆ." ಹೇಳಿ ನನ್ನ ಭುಜದ ಮೇಲೆ ಕೈಯಿಟ್ಟರು.

ಆ ಕೈ ಭುಜಕ್ಕೆ ತಾಗಿದ್ದೇ ನನ್ನ ಮೈಯೆಲ್ಲ ಉರಿಯಿತು. "ಇನ್ನು ಬಗ್ಗಕ್ಕಾಗಲ್ಲ ಆಂಟಿ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. ಕಾಲು ಬಿಡಿಸಿಕೊಂಡು ಇಳಿಯುವಾಗ ಸೆರಗು ಗೇರಿಗೆ ಸಿಕ್ಕಿ ಹರಿಯಿತು. ನಿಂಬೆಹಣ್ಣಿನ ಮೇಲೆ ಚಕ್ರ ಹರಿಯಲೇಬೇಕಲ್ಲ, ನನ್ನ ಗಂಡನೇ ಕೂತರು. ಸೀಟನ್ನು ಮುಂದಕ್ಕೆ ಎಳೆದುಕೊಂಡರು, ಅವರಿಗೆ ಎಲ್ಲವೂ ಸರಿಯಾಗಿತ್ತು, ಹೊಲಿಸಿದ ಹಾಗೆ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಜನ ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಪುಳಿಯೋಗರೆ ಬಡಿಸಿದೆ. ಯಾರಿಗೆ ಎಷ್ಟು ಬಡಿಸಿದೆನೋ ನೆನಪಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಗರಾಜಿಗೆ ಹೋದೆ. ಅವರು ಹಾರದಿಂದ ಉದುರಿದ ಎಸಳುಗಳನ್ನು ಸೀಟಿನಿಂದ ಆಯುತ್ತಿದ್ದರು.

"ಯಾರ ಅಳತೆಗೆ ಮಾಡಿದ್ರಿ ಇದನ್ನ?" ಅಂದೆ.

"ನಿನ್ನಳತೆಗೇ."

"ನನ್ನ ಅಳತೆ ಎಷ್ಟು, ಹೇಳಿ ನೋಡೋಣ."

ಅವರು ಎಸಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತರು. "ಐದು ಏಳು. ಅವತ್ತು ಹೇಳಿ ಕಳ್ಸಿದ್ರಲ್ಲ."

"ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಎದ್ದಿದೀರಿ. ನಿಮ್ಮ ಕಣ್ಣಿಗೆ ನಾನು ಐದು ಏಳಾ?"

ಎಸಳುಗಳನ್ನು ಬಾನೆಟ್ಟಿನ ಮೇಲೆ ಇಟ್ಟರು. ಆಮೇಲೆ ಮೆಲ್ಲಗೆ, "ಗೊತ್ತಿತ್ತು. ಕೇಳಕ್ಕೆ ನಾಚಿಕೆ ಆಯ್ತು. ಕೇಳಿದ್ರೆ ನೀನು ನಂದೂ ಕೇಳ್ತಿದ್ದೆ," ಅಂದರು.

ನನಗೆ ಎಂಥ ಸಿಟ್ಟು ಬಂತೆಂದರೆ, ಅಳು ಬಂತು. ಒಂದು ಅಂಕಿಯ ನಾಚಿಕೆಗೆ ನನ್ನ ಸೋಮವಾರ ಹೋಗುತ್ತಿತ್ತು. ಲ್ಯಾಬಿಗೆ ಫೋನು ಮಾಡಿ ಏನು ಹೇಳಲಿ, ನಮ್ಮ ಮನೆಯಲ್ಲಿ ಟೇಪು ಹಿಡಿಯಲು ನಾಚಿಕೊಳ್ಳುತ್ತಾರೆ ಎಂದೇ? ಇದನ್ನೆಲ್ಲ ಅವರಿಗೆ ಜೋರಾಗಿಯೇ ಹೇಳಿದೆ. ಗರಾಜಿನ ಬಾಗಿಲು ತೆರೆದಿತ್ತು, ಬೀದಿಗೆಲ್ಲ ಕೇಳಿರಬೇಕು, ಪುಣ್ಯಕ್ಕೆ ಬೀದಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಉಪಕರಣಗಳ ಡಬ್ಬದಿಂದ ಟೇಪು ತೆಗೆದು, "ನಿಂತ್ಕೋ," ಅಂದರು.

ಗರಾಜಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಭ್ಯಾಸಬಲದಿಂದ ಕುತ್ತಿಗೆ ತಗ್ಗಿತ್ತು. "ನೆಟ್ಟಗೆ," ಅಂದರು. ನೆಟ್ಟಗಾದೆ. ಅವರು ಪೇಂಟಿನ ಡಬ್ಬದ ಮೇಲೆ ಹತ್ತಿ ಪೆನ್ಸಿಲಿನಿಂದ ಗೆರೆ ಎಳೆದು ಅಳೆದರು. ಅಂಕಿಯನ್ನು ಬಾಯಿಬಿಟ್ಟು ಓದಿದರು. ಆಮೇಲೆ ನಾನು ಕೇಳುವ ಮೊದಲೇ ಬೂಟು ಕಳಚಿ, ನಾನು ನಿಂತಿದ್ದ ಜಾಗದಲ್ಲೇ ನಿಂತರು. ಅವರ ಗೆರೆ ಎಳೆಯಲು ನನಗೆ ಡಬ್ಬ ಬೇಕಾಗಲಿಲ್ಲ. ಐದು ಅಡಿ ಐದು. ನಾನೂ ಬಾಯಿಬಿಟ್ಟು ಓದಿದೆ. ಇಬ್ಬರೂ ನಗಲಿಲ್ಲ.

ಆಮೇಲೆ ಕಾರಿನೊಳಗೆ ತಲೆ ತೂರಿಸಿ ಬಹಳ ಹೊತ್ತು ಅಲ್ಲಿ ಇಲ್ಲಿ ಟೇಪು ಹಿಡಿದರು. ನಾನು ಕಾರಿನ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡಿದೆ.

ಕೊನೆಗೆ ಹೊರಬಂದು ಹೇಳಿದರು. ಸೀಟು ಹಿಂದೆ ಮುಂದೆ ಜಾರಲೆಂದು ಕೆಳಗೆ ಕಬ್ಬಿಣದ ಹಳಿ ಹಾಕಿದ್ದಾರೆ. ಆ ಹಳಿಯಿಂದಲೇ ಸೀಟು ಮೇಲೆದ್ದಿರುವುದು. ಹಳಿ ಕಿತ್ತು ಸೀಟನ್ನು ನೇರವಾಗಿ ನೆಲಕ್ಕೆ ಬಿಗಿದರೆ, ನಾನು ಕೆಳಗೆ ಇಳಿಯುತ್ತೇನೆ, ಗಾಜಿನೊಳಗಿಂದ ರಸ್ತೆ ಕಾಣುತ್ತದೆ. ಹಿಂದಿರುವ ಮರದ ಅಡ್ಡಪಟ್ಟಿ ಕತ್ತರಿಸಿದರೆ ಸೀಟು ಇನ್ನಷ್ಟು ಹಿಂದೆ ಹೋಗುತ್ತದೆ, ಮಂಡಿ ಬಿಡುತ್ತದೆ. ಸ್ಟೀರಿಂಗನ್ನೂ ಸ್ವಲ್ಪ ಮೇಲೆತ್ತಬಹುದು.

"ಹಂಗಾದ್ರೆ ಮಾಡಿ," ಅಂದೆ.

"ಹಳಿ ಕೂರೋದೇ ಆ ಪಟ್ಟಿ ಮೇಲೆ. ಕತ್ತರಿಸಿದ್ರೆ ಮತ್ತೆ ಹಾಕಕ್ಕಾಗಲ್ಲ. ಸೀಟು ಅಲ್ಲಿಗೇ ಫಿಕ್ಸು."

"ಅಂದ್ರೆ?"

"ಅಂದ್ರೆ ನಾನು ಓಡ್ಸಕ್ಕಾಗಲ್ಲ. ನಂಗೆ ಕ್ಲಚ್ಚು ಎಟುಕಲ್ಲ."

ಹಾಗಾದರೆ ಬೇಡ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬೆಳೆಸಿದ ರೀತಿ ಹಾಗೆ, ಅದು ತಾನಾಗಿ ಬರುತ್ತದೆ. ಬೇಸಿಗೆಯೆಲ್ಲ ಉಗುರಿನ ಸಂದಿಯಲ್ಲಿ ಗ್ರೀಸು ಇಟ್ಟುಕೊಂಡು ಓಡಾಡಿದವರು ಅವರು. ಬೆಳಿಗ್ಗೆ ನಿಂಬೆಹಣ್ಣಿನ ಮೇಲೆ ಹತ್ತಿಸಿದಾಗ ಅವರ ಮುಖದಲ್ಲಿ ಇದ್ದದ್ದನ್ನು ನಾನು ನೋಡಿದ್ದೆ. ವಾರಕ್ಕೊಮ್ಮೆ ಆ ಕಾರಿನಲ್ಲಿ ಬೆಟ್ಟದ ರಸ್ತೆಗೆ ಹೋಗಬೇಕೆಂದು ಅವರಿಗೆ ಎಷ್ಟು ಆಸೆಯಿತ್ತೆಂಬುದೂ ಗೊತ್ತಿತ್ತು. ಆದರೂ ಆ ಮಾತನ್ನು ಆಡಲಿಲ್ಲ. "ನೀವೇ ಯೋಚನೆ ಮಾಡಿ. ನಿಂದೇ ಗಾಡಿ ಅಂದವರು ನೀವು," ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಒಳಗೆ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಟಿ.ವಿ. ಹಾಕಿದೆ, ಆರಿಸಿದೆ. ಮಿಕ್ಕ ಅನ್ನ ಫ್ರಿಜ್ಜಿಗಿಟ್ಟು ಮತ್ತೆ ತೆಗೆದೆ. ಗರಾಜಿನಿಂದ ಸದ್ದೇ ಇಲ್ಲ. ಅವರು ಕಾರಿನಲ್ಲಿ ಸುಮ್ಮನೆ ಕೂತಿರಬೇಕೆನ್ನಿಸಿತು. ಕೂತಿರಲಿ ಎನ್ನಿಸಿತು, ಪಾಪ ಎನ್ನಿಸಿತು, ಎರಡು ನಿಮಿಷಕ್ಕೆ ಮತ್ತೆ ಸಿಟ್ಟು ಬಂತು. ನಾನು ಹೋಗಿ ಬೇಡವೆಂದು ಹೇಳಿಬಿಡುತ್ತೇನೇನೋ ಎಂದು ನನಗೇ ಹೆದರಿಕೆಯಾಗಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿರುವಾಗಲೇ ಗರಗಸದ ಸದ್ದು ಕೇಳಿದ್ದು. ಮರ ಕೊಯ್ಯುವ ಸದ್ದು, ಒಂದೇ ಸಮನೆ, ಎಲ್ಲೂ ನಿಲ್ಲದೆ. ಕೇಳುತ್ತಾ ಟಬ್ಬಿನ ಅಂಚಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಅರಿವಾಯಿತು, ಕೂತಲ್ಲೇ ಕೂತಿದ್ದೆ.

ಭಾನುವಾರ ಮಧ್ಯಾಹ್ನ ಕೂತು ನೋಡಿದೆ. ಮಂಡಿ ಮತ್ತು ಸ್ಟೀರಿಂಗಿನ ನಡುವೆ ನನ್ನ ಅಂಗೈ ಹಿಡಿಸುತ್ತಿತ್ತು. ರಸ್ತೆ ಗಾಜಿನ ನಟ್ಟನಡುವೆ ಕಂಡಿತು. "ಹೆಂಗಿದೆ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಆ ಕಡೆಯಿಂದ ಬಂದು ಪಕ್ಕದಲ್ಲಿ ಕೂತರು. ಬೆಟ್ಟದ ಸುರಂಗ ದಾಟಿ ಬರ್ಕ್ಲಿಗೆ ಹೋದೆವು, ನಾಳೆಯ ದಾರಿ ಅಭ್ಯಾಸವಾಗಲಿ ಎಂದು. ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಎಡಗೈ ಆಗಾಗ ಗೇರಿನ ಕಡೆ ಬಂದು ವಾಪಸು ಹೋಗುತ್ತಿತ್ತು. ನನಗೂ ಸಮಾಧಾನವಿರಲಿಲ್ಲ. ಅವರಿಂದ ಏನನ್ನೋ ಕಿತ್ತುಕೊಂಡು ಓಡುತ್ತಿದ್ದೇನೆ ಎನ್ನಿಸುತ್ತಿತ್ತು, ಆದರೂ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ.

ಬರ್ಕ್ಲಿಯಲ್ಲಿ ನಮ್ಮವರ ಬೇಳೆ, ಸಾಂಬಾರು ಪುಡಿ ಸಿಗುವ ಅಂಗಡಿಯ ಮುಂದೆ ನಿಲ್ಲಿಸಿದೆ. ಒಳಗಿನಿಂದ ಆಂಟಿ, ಡಾಕ್ಟರು, ಇನ್ನೊಂದು ಸಂಸಾರ ಚೀಲ ಹಿಡಿದು ಬರುತ್ತಿದ್ದರು. ಆಂಟಿ ಕಾರನ್ನು ನೋಡಿದರು, ಸ್ಟೀರಿಂಗಿನ ಹಿಂದೆ ನನ್ನನ್ನು, ಪಕ್ಕದಲ್ಲಿ ಅವರನ್ನು ನೋಡಿದರು.

"ಪರವಾಗಿಲ್ವೇ, ಕೊನೆಗೂ ಹಿಡಿಸ್ತು," ಎಂದು ನನಗೆ ಹೇಳಿ, ಅವರ ಕಡೆ ತಿರುಗಿ, "ವಾಪಸ್ ಹೋಗ್ತಾ ನೀವು ಓಡಿಸ್ತೀರೇನೋ? ಅಷ್ಟು ಕಷ್ಟ ಬಿದ್ದು ಮಾಡಿದೀರಿ," ಅಂದರು.

ನಾನು ಕೀಲಿಕೈ ಹಿಡಿದುಕೊಂಡು ಕಾದೆ. ಅವರು ಕೈ ನೋವಾಗಿದೆ ಎನ್ನಬಹುದು, ಅವಳಿಗೆ ಅಭ್ಯಾಸವಾಗಲಿ ಅಂತ ಎನ್ನಬಹುದು. ನನ್ನ ಭುಜ ತಾನಾಗಿ ಕುಸಿಯತೊಡಗಿತ್ತು, ಅವರ ಮಾನ ಕಾಯಲೆಂದು.

"ಇಲ್ಲ ಆಂಟಿ," ಅಂದರು, ಡಾಕ್ಟರಿಗೂ ಆ ಇನ್ನೊಂದು ಸಂಸಾರದವರಿಗೂ ಕೇಳುವಂತೆ. "ಇವಳು ನನಗಿಂತ ಅರ್ಧ ಅಡಿ ಉದ್ದ. ಇವಳ ಅಳತೆಗೆ ಮಾಡಿದೀನಿ. ನಂಗೆ ಕಾಲು ಎಟುಕಲ್ಲ."

ಆಂಟಿ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ನನ್ನ ಗಂಡ ಕಾರಿನಿಂದ ಇಳಿದು ಬೇಳೆ ತರಲು ಒಳಗೆ ಹೋದರು. ಆಗ ನೋಡಿದೆ, ಕಾಲಿನಲ್ಲಿ ಬೂಟಿರಲಿಲ್ಲ, ಮನೆಯಲ್ಲಿ ಹಾಕುವ ತೆಳು ಹವಾಯಿ ಚಪ್ಪಲಿ. ನಾನೂ ಇಳಿದೆ. ಅಂಗಡಿಯೊಳಗೆ ಅವರ ಪಕ್ಕದಲ್ಲಿ, ಅಲ್ಲಿದ್ದ ಅಷ್ಟು ಜನರ ಮುಂದೆ, ನೆಟ್ಟಗೆ ನಿಂತುಕೊಂಡೆ.